ಸಂತೆಯ ಚೀಲ ಯಾರ ಕೈಯಲ್ಲಿ?

ಬಾಗಿಲ ಹಿಂದೆ ಒಂದು ಮೊಳೆ, ಮೊಳೆಗೆ ತೂಗುಹಾಕಿದ ಒಂದು ಬಟ್ಟೆಯ ಚೀಲ. ಮೈಸೂರು ಸೀಮೆಯ ಮನೆಗಳಲ್ಲಿ ಇದು ಒಂದು ಕಾಲಕ್ಕೆ ದೇವರ ಪಟದಷ್ಟೇ ಕಾಯಮ್ಮಾಗಿ ಇರುತ್ತಿದ್ದ ವಸ್ತು. ಸಂತೆಗೆ ಹೊರಟವರು ಚಪ್ಪಲಿ ಮೆಟ್ಟುವ ಮೊದಲು ಆ ಚೀಲಕ್ಕೆ ಕೈ ಹಾಕುವರು. ಹಳೆಯ ಪಂಚೆಯ ಗಟ್ಟಿ ಭಾಗವನ್ನೋ, ಮಗುವಿಗೆ ಚಿಕ್ಕದಾದ ಲಂಗದ ಬಟ್ಟೆಯನ್ನೋ ಕತ್ತರಿಸಿ ಮನೆಯಲ್ಲಿಯೇ ಹೊಲಿದ ಚೀಲ ಅದು. ಎಣ್ಣೆಗೆ ಒಂದು ಸೀಸೆ, ಹಾಲಿಗೆ ಒಂದು ಚೊಂಬು. ಅಂಗಡಿಯವನು ಬೇಳೆಯನ್ನು ಹಳೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ ದಾರ ಸುತ್ತಿ ಕೊಡುವನು. ಆ ಕಾಗದ ಒಲೆ ಹೊತ್ತಿಸುವುದಕ್ಕೂ ಆ ದಾರ ಹೂ ಕಟ್ಟುವುದಕ್ಕೂ ಒದಗುತ್ತಿತ್ತು. ಇದನ್ನು ಆಗ ಯಾರೂ ಪರಿಸರ ಪ್ರೇಮ ಎಂದು ಕರೆಯಲಿಲ್ಲ. ಮನೆವಾರ್ತೆ ಎಂದು ಕರೆದರು.

ಇಂದು ಅದೇ ಚೀಲಕ್ಕೆ ಹೊಸ ಹೆಸರು, ಹೊಸ ಬೆಲೆ ಬಂದಿವೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಅದರ ಮೇಲೆ ಭೂಮಿಯ ಚಿತ್ರ ಬರೆದು ಮಾರುತ್ತಾರೆ. ಕೊಳ್ಳುವಾಗ ಪರಿಸರದ ಹಿತವನ್ನು ನೆನೆಯುವವರು ಯಾರು, ನೆನೆಯದವರು ಯಾರು ಎಂಬುದನ್ನು ಜಗತ್ತಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ವಿದ್ವಾಂಸರು ಸಂಶೋಧಿಸುತ್ತಿದ್ದಾರೆ. ವಯಸ್ಸು, ಲಿಂಗ, ವಿದ್ಯೆ, ವರಮಾನ, ಸಂಸಾರದ ಗಾತ್ರ, ನೆರೆಹೊರೆ - ಇವುಗಳಲ್ಲಿ ಯಾವುದು ಮನುಷ್ಯನ ಕೈಯನ್ನು ಅಂಗಡಿಯ ಯಾವ ಸಾಲಿನತ್ತ ಎಳೆಯುತ್ತದೆ? ಪ್ರಶ್ನೆ ಪಂಡಿತರದಾದರೂ ಉತ್ತರ ಪ್ರತಿಯೊಂದು ಮನೆಯ ಅಡಿಗೆಮನೆಯಲ್ಲಿದೆ.

ಆ ಉತ್ತರವನ್ನು ಹುಡುಕುವುದಕ್ಕೆ ಮಾಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಲಕ್ಕೂರು ತಕ್ಕ ಸ್ಥಳ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಕೆರೆ ಕಟ್ಟಿ ಬಾಳಿದರು. ಕೆರೆಗಳು ಬತ್ತಿದ ಮೇಲೆ ಮಂದಿ ಕೊಳವೆಬಾವಿಗಳನ್ನು ಸಾವಿರ ಅಡಿಗೂ ಮಿಕ್ಕಿ ಇಳಿಸಿದರು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 15 ಲಕ್ಷವನ್ನು ದಾಟಿತ್ತು. ನೂರಕ್ಕೆ 74 ಮಂದಿ ಓದುಬರಹ ಬಲ್ಲವರಾಗಿದ್ದರು. ಮಾಲೂರು ಸೀಮೆ ಹೆಂಚಿಗೆ, ಇಟ್ಟಿಗೆಗೆ ಹೆಸರಾದುದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮಾಸ್ತಿ ಇದೇ ತಾಲ್ಲೂಕಿನ ಇನ್ನೊಂದು ಹೋಬಳಿ. 1864ರಲ್ಲಿಯೇ ಮಾಲೂರಿನ ಮೇಲೆ ಹಾದುಹೋದ ರೈಲು ಇಲ್ಲಿಯ ಜನಕ್ಕೆ ಬೆಂಗಳೂರನ್ನು ನೆರೆಯೂರನ್ನಾಗಿ ಮಾಡಿತು. ಹಳ್ಳಿಯ ಅಭ್ಯಾಸ, ನಗರದ ಆಸೆ ಎರಡೂ ಒಂದೇ ಸೂರಿನ ಕೆಳಗೆ ಕಾಣುವ ನಾಡು ಇದು.

ಮೂರು ತಲೆಮಾರು, ಒಂದು ಮನೆ

ಲಕ್ಕೂರಿನಂಥ ಊರಿನ ಒಂದು ಮನೆಯನ್ನು ಓದುಗರು ಮನಸ್ಸಿನಲ್ಲಿ ಕಟ್ಟಿಕೊಳ್ಳಲಿ. ಎಪ್ಪತ್ತೈದರ ಅಜ್ಜಿ; ಮಾಲೂರಿನ ಕಾರ್ಖಾನೆಯೊಂದಕ್ಕೆ ಬೈಕಿನಲ್ಲಿ ಹೋಗಿಬರುವ ಐವತ್ತರ ಮಗ; ಮನೆಯನ್ನೂ ಎರಡು ಹಸುಗಳನ್ನೂ ನೋಡಿಕೊಳ್ಳುವ ಸೊಸೆ; ಬೆಂಗಳೂರಿನ ಕಾಲೇಜಿನಲ್ಲಿ ಓದುವ ಮೊಮ್ಮಗಳು. ಈ ನಾಲ್ವರಲ್ಲಿ ಪರಿಸರದ ಮಿತ್ರರು ಯಾರು?

ಅಜ್ಜಿ ನೀರನ್ನು ಚೆಲ್ಲಲಾರರು. ಅಕ್ಕಿ ತೊಳೆದ ನೀರು ಹಸುವಿನ ಬಾನಿಗೆ, ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ. ಹರಿದ ಸೀರೆ ಅವರ ಕೈಯಲ್ಲಿ ಮೊದಲು ಹೊದಿಕೆಯಾಗುತ್ತದೆ, ಆಮೇಲೆ ಮಸಿಬಟ್ಟೆಯಾಗುತ್ತದೆ. ಆದರೆ ಪ್ಲಾಸ್ಟಿಕ್ಕನ್ನು ಸೌದೆಯೊಡನೆ ಒಲೆಗೆ ಹಾಕಿ ಉರಿಸಬಾರದೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಮೊಮ್ಮಗಳಿಗೆ ಅದು ತಿಳಿದಿದೆ. ಹವೆಯ ತಾಪ ಏರುತ್ತಿರುವುದು, ಸಮುದ್ರದಲ್ಲಿ ಪ್ಲಾಸ್ಟಿಕ್ ತೇಲುತ್ತಿರುವುದು ಎಲ್ಲವೂ ಅವಳಿಗೆ ಗೊತ್ತು. ಉಕ್ಕಿನ ನೀರಿನ ಸೀಸೆಯನ್ನು ಅವಳು ಸದಾ ಜೊತೆಯಲ್ಲಿ ಒಯ್ಯುತ್ತಾಳೆ. ಆದರೆ ವರ್ಷಕ್ಕೆ ಅವಳು ಕೊಳ್ಳುವ ಉಡುಪುಗಳಷ್ಟನ್ನು ಅಜ್ಜಿ ಹತ್ತು ವರ್ಷದಲ್ಲಿಯೂ ಕೊಂಡಿರಲಾರರು. ಇಬ್ಬರ ನಡುವೆ ಇರುವ ಮಗನಿಗೆ ಅಜ್ಜಿಯ ಅಭ್ಯಾಸವೂ ಇಲ್ಲ, ಮೊಮ್ಮಗಳ ತಿಳಿವಳಿಕೆಯೂ ಇಲ್ಲ. ಕಾರ್ಖಾನೆಯಿಂದ ಹಿಂದಿರುಗುವಾಗ ಮನೆಯಿಂದ ಫೋನು ಬರುತ್ತದೆ: ಟೊಮೇಟೊ ಬೇಕು, ಸಕ್ಕರೆ ಬೇಕು. ಕೈಯಲ್ಲಿ ಚೀಲವಿಲ್ಲ. ಅಂಗಡಿಯವನು ತೆಳುವಾದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡುತ್ತಾನೆ, ಅವನು ಬೈಕಿಗೆ ತೂಗುಹಾಕಿಕೊಂಡು ಬರುತ್ತಾನೆ.

ಕರ್ನಾಟಕ ಸರ್ಕಾರ 2016ರ ಮಾರ್ಚಿಯಲ್ಲಿಯೇ ಇಂಥ ಚೀಲಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಬಿಸಾಡುವ ಲೋಟ, ತಟ್ಟೆ, ಚಮಚ ಮೊದಲಾದ ಪ್ಲಾಸ್ಟಿಕ್ ವಸ್ತುಗಳನ್ನು ತಡೆಯಿತು. ಅದೇ ವರ್ಷದ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದ ಚೀಲಗಳಿಗೂ ಅವಕಾಶವಿಲ್ಲ. ಕಾನೂನು ಹೀಗಿದ್ದರೂ ತೆಳುವಾದ ಕವರು ಅಂಗಡಿಗಳಿಂದ ಮಾಯವಾಗಿಲ್ಲ. ಮಗ ಕಾನೂನಿಗೆ ವಿರೋಧಿಯೇನೂ ಅಲ್ಲ. ಅವನು ಸಂತೆಗೆಂದು ಮನೆಯಿಂದ ಹೊರಟವನಲ್ಲ, ಅಷ್ಟೆ. ಸಂತೆ ವಾರಕ್ಕೊಂದು ದಿನವಾಗಿದ್ದಾಗ ಚೀಲ ನೆನಪಾಗುತ್ತಿತ್ತು. ಕೊಳ್ಳುವಿಕೆ ದಾರಿಯ ನಡುವಿನ ಕೆಲಸವಾದಾಗ ಅದು ಮೊಳೆಯಲ್ಲಿಯೇ ಉಳಿಯಿತು.

2003ರಲ್ಲಿ ಬ್ರಿಟನ್ನಿನ ಗ್ರಾಹಕರನ್ನು ಕುರಿತು ಪ್ರಕಟವಾದ ಅಧ್ಯಯನವೊಂದು ಇಂಥದೇ ನಿರ್ಣಯಕ್ಕೆ ಬಂದಿತು. ವಯಸ್ಸು, ಲಿಂಗ, ವಿದ್ಯೆಗಳನ್ನು ಮಾತ್ರ ಹಿಡಿದು ಇವರು ಪರಿಸರ ಮಿತ್ರರು, ಇವರಲ್ಲ ಎಂದು ಗೆರೆ ಎಳೆಯಲಾಗದು ಎಂಬುದು ಅದರ ಸಾರ. ವಯಸ್ಸು ತಾನಾಗಿ ಏನನ್ನೂ ಮಾಡದು. ಆ ವಯಸ್ಸಿನವರ ದಿನಚರಿ ಹೇಗಿದೆ, ಅವರ ಕೈಗೆ ಏನು ಎಟುಕುತ್ತದೆ ಎಂಬುದು ಮಾಡುತ್ತದೆ.

ಮಾತು ಹಸಿರು, ಖರ್ಚು ಹಿರಿದು

ವಿದ್ಯಾವಂತರೂ ಉಳ್ಳವರೂ ಪರಿಸರಕ್ಕೆ ಹೆಚ್ಚು ಹಿತವಾಗಿ ಬಾಳುತ್ತಾರೆ ಎಂದು ಅನೇಕರು ನಂಬಿದ್ದಾರೆ. ಇದು ಅರ್ಧ ಸತ್ಯ. ಓದು ಹೆಚ್ಚಿದಂತೆ ಕಾಳಜಿಯ ಮಾತು ಹೆಚ್ಚುವುದು ನಿಜ. ಸಾವಯವ ಬೆಲ್ಲ, ಗಾಣದ ಎಣ್ಣೆ, ಬಿದಿರಿನ ಹಲ್ಲುಜ್ಜುವ ಬ್ರಷ್ಷು ಇವುಗಳನ್ನು ಕೊಳ್ಳುವವರು ಹೆಚ್ಚಾಗಿ ಉಳ್ಳವರೇ. ಆದರೆ ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ ನಿತ್ಯಜೀವನವನ್ನು ಲೆಕ್ಕಹಾಕಿ 2018ರಲ್ಲಿ ಪ್ರಕಟವಾದ ಅಧ್ಯಯನ ಬೇರೊಂದು ಮುಖವನ್ನು ತೋರಿಸಿತು. ತಾವು ಪರಿಸರ ಪ್ರೇಮಿಗಳೆಂದು ಹೇಳಿಕೊಂಡವರ ಒಟ್ಟು ಇಂಧನ ಬಳಕೆ ಇತರರಿಗಿಂತ ಕಡಿಮೆಯಾಗಿರಲಿಲ್ಲ. ಬಳಕೆಯನ್ನು ಏರಿಸಿದ್ದು ಮುಖ್ಯವಾಗಿ ವರಮಾನ. ಹಣ ಬಂದಂತೆ ಮನೆ ದೊಡ್ಡದಾಗುತ್ತದೆ, ಪ್ರಯಾಣ ದೂರವಾಗುತ್ತದೆ. ಬಟ್ಟೆಯ ಚೀಲದಲ್ಲಿ ಉಳಿಸಿದ್ದು ವಿಮಾನದ ಒಂದು ಯಾನದಲ್ಲಿ ಕರಗಿಹೋಗುತ್ತದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಬಡವರ ಮಿತವ್ಯಯ ಹೆಚ್ಚಾಗಿ ಅವರು ಆರಿಸಿಕೊಂಡ ವ್ರತವಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ ನಿರ್ಬಂಧ. ಅಜ್ಜಿಯ ಹೊದಿಕೆಯನ್ನು ಹೊಗಳುವವರು ಅವರು ಹೊಸ ಕಂಬಳಿ ಕೊಳ್ಳಲಾರದೆ ಚಳಿಗೆ ನಡುಗಿದ ವರ್ಷಗಳನ್ನು ಮರೆಯಬಾರದು. ಕೊರತೆಯನ್ನು ಸದ್ಗುಣವೆಂದು ಮೆಚ್ಚಿಕೊಳ್ಳುವುದು ಹೊಟ್ಟೆ ತುಂಬಿದವರಿಗೆ ಸುಲಭ.

ಒಲೆಯ ಮುಂದೆ ಕುಳಿತವಳು

14 ದೇಶಗಳ ವಿದ್ಯಾರ್ಥಿಗಳನ್ನು ಕುರಿತು 2000ದಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಪರಿಸರದ ವಿಷಯದಲ್ಲಿ ಹೆಂಗಸರ ಕಾಳಜಿ ಗಂಡಸರಿಗಿಂತ ಮಿಗಿಲಾಗಿ ಕಂಡಿತು. ನಮ್ಮ ನಾಡಿನಲ್ಲಿ ಇದನ್ನು ಸ್ವಭಾವವೆಂದು ಹೇಳಿ ಮುಗಿಸುವಂತಿಲ್ಲ. ನೀರು ತರುವವಳು, ಸೌದೆ ಹೊರುವವಳು, ಹೊಗೆ ಕುಡಿಯುವವಳು, ಕಸ ಗುಡಿಸುವವಳು ಅವಳೇ. ಪರಿಸರ ಕೆಟ್ಟಾಗ ಮೊದಲು ತಾಗುವುದು ಅವಳ ಸೊಂಟಕ್ಕೆ, ಅವಳ ಕಣ್ಣಿಗೆ.

ಕಾಳಜಿ ಅವಳದಾದರೂ ಹಣದ ಚೀಲ ಅವಳ ಕೈಯಲ್ಲಿ ಇರದಿರುವುದುಂಟು. ಅಡಿಗೆ ಅನಿಲದ ಕಥೆ ಇದಕ್ಕೆ ಸಾಕ್ಷಿ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಲ್ಲಿ ಬಡ ಸಂಸಾರಗಳ ಹೆಂಗಸರ ಹೆಸರಿಗೆ ಹತ್ತು ಕೋಟಿಗೂ ಮೀರಿ ಅನಿಲ ಸಂಪರ್ಕ ದೊರೆತಿದೆ. ಹೊಗೆಯಿಲ್ಲದ ಇಂಧನದಿಂದ ಅಡಿಗೆ ಮಾಡುವ ಮನೆಗಳು ದೇಶದಲ್ಲಿ 2015-16ರಲ್ಲಿ ಶೇಕಡ 43.8 ಇದ್ದವು, 2019-21ರ ವೇಳೆಗೆ ಶೇಕಡ 58.6ಕ್ಕೆ ಏರಿದವು. ಇದು ಸಣ್ಣ ಸಾಧನೆಯಲ್ಲ. ಆದರೆ ನಮ್ಮ ಕೊಪ್ಪಳ ಜಿಲ್ಲೆಯ ಸಿಲಿಂಡರ್ ಮಾರಾಟದ ಲೆಕ್ಕಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಯೋಜನೆಯ ಮನೆಗಳು ಮೊದಲ ವರ್ಷ ಕೊಂಡ ಸಿಲಿಂಡರುಗಳು ಸರಾಸರಿ ಎರಡಕ್ಕೆ ತುಸು ಮೇಲ್ಪಟ್ಟು ಮಾತ್ರ. ಒಲೆ ಮನೆಗೆ ಬಂದಿತು, ಉರಿ ಬರಲಿಲ್ಲ. ಸೌದೆಗೆ ತೆರಬೇಕಾದುದು ಹೆಂಗಸಿನ ಶ್ರಮ, ಅದಕ್ಕೆ ಮನೆಯ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ಸಿಲಿಂಡರಿಗೆ ತೆರಬೇಕಾದುದು ನಗದು ಹಣ, ಅದು ಬಿತ್ತನೆಯ ಕಾಲಕ್ಕೆ, ಶಾಲೆಯ ಫೀಸಿನ ಕಾಲಕ್ಕೆ ಕೈಯಲ್ಲಿರುವುದಿಲ್ಲ. ಮಾಲೂರು ಸೀಮೆಯಲ್ಲಿ ಹೊಲದ ಬದುವಿನಾಚೆ ನೀಲಗಿರಿಯ ಒಣ ಎಲೆ, ಕಡ್ಡಿ ಬಿದ್ದಿರುವಾಗ ಗುಡಿಸಿ ತಂದರೆ ಆಯಿತು ಎನ್ನುವ ಮಾತು ಮನೆಯಲ್ಲಿ ಏಳುವುದು ಸಹಜ. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದ್ದರೂ ಹಳೆಯ ತೋಪುಗಳು ಇನ್ನೂ ಅಲ್ಲಲ್ಲಿ ನಿಂತಿವೆ.

ಮನೆಗೆ ಮೊದಲು ಬೇಕಾದುದು ಏನು ಎಂದು ಕೇಳದೆ ಹಿತವನ್ನು ಹೇರಿದರೆ ಅದು ನಿಲ್ಲದು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿ ಇದನ್ನು ಬಹು ಹಿಂದೆಯೇ ಕಲಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಕೇಂದ್ರ ಆ ಹಳ್ಳಿಯಲ್ಲಿ ಸಮುದಾಯದ ಗೋಬರ್ ಅನಿಲ ಘಟಕವನ್ನು ಕಟ್ಟಿತು. ಅನಿಲವನ್ನು ಅಡಿಗೆಗೆ ಕೊಡುವುದು ಮೊದಲ ಉದ್ದೇಶ. ಊರಿನ ದನಗಳ ಸೆಗಣಿಯಿಂದ ಬಂದ ಅನಿಲ ಎಲ್ಲ ಮನೆಗಳ ಅಡಿಗೆಗೆ ಸಾಲಲಿಲ್ಲ, ಕೆಲಸ ನಿಂತಿತು. ಊರವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಯಂತ್ರ ನಡೆಸಿ, ವಿದ್ಯುತ್ತು ಮಾಡಿ, ನೀರನ್ನು ಮೇಲೆತ್ತಿ ಮನೆಗಳ ಬಳಿಗೆ ತಂದಾಗ, ದೀಪ ಉರಿಸಿದಾಗ, ಜನ ಸೆಗಣಿಯನ್ನು ತಾವಾಗಿ ತಂದು ಸುರಿದರು; ಹಾಗೆ ತಂದವರಿಗೆ ಹಣವೂ ಸಿಕ್ಕಿತು. ಸೆಗಣಿ ಅದೇ, ಜನ ಅವರೇ. ಬದಲಾದದ್ದು ಅವರನ್ನು ಕೇಳಿದ ಪ್ರಶ್ನೆ.

ಲಕ್ಕೂರಿನ ಕಲ್ಪಿತ ಮನೆಯ ಸೊಸೆ ತವರಿಗೆ ಹೊರಟರೆ ಬಸ್ಸು ಹತ್ತುತ್ತಾಳೆ, ಅವಳ ಗಂಡ ಬೈಕು ಹತ್ತುತ್ತಾನೆ. ಹೊಗೆಯ ಲೆಕ್ಕದಲ್ಲಿ ಅವಳ ಪ್ರಯಾಣವೇ ಹಿತವಾದುದು. ಆದರೆ ಅವಳು ಬಸ್ಸು ಹತ್ತಿದ್ದು ಹೊಗೆ ಉಳಿಸುವುದಕ್ಕಲ್ಲ. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ ಎಂಬುದಕ್ಕೆ, ಮನೆಯ ಬೈಕಿನ ಬೀಗದ ಕೈ ಅವಳ ಬಳಿ ಇಲ್ಲ ಎಂಬುದಕ್ಕೆ.

ಬಾಡಿಗೆ ಮನೆಯ ಬಿಸಿನೀರು

ನಗರಕ್ಕೆ ಬಂದರೆ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಬೆಂಗಳೂರಿನ ಮಾಳಿಗೆಗಳ ಮೇಲೆ ಸೂರ್ಯನ ಶಾಖದಿಂದ ನೀರು ಕಾಯಿಸುವ ಯಂತ್ರಗಳು ಸಾಲುಸಾಲಾಗಿ ಕಾಣುತ್ತವೆ. 2007ರಲ್ಲಿ ಸರ್ಕಾರ ಒಂದು ಅಳತೆಗೆ ಮೀರಿದ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿತು. ವಿದ್ಯುತ್ ಬಿಲ್ಲಿನಲ್ಲಿ ಸ್ವಲ್ಪ ರಿಯಾಯಿತಿಯನ್ನೂ ಕೊಟ್ಟಿತು. ಆದರೆ ಮಾಳಿಗೆ ಯಾರದು? ಸ್ವಂತ ಮನೆಯವನು ಇಂದು ಹಾಕಿದ ಹಣವನ್ನು ನಾಲ್ಕಾರು ವರ್ಷದಲ್ಲಿ ಬಿಲ್ಲಿನ ಉಳಿತಾಯದಿಂದ ಹಿಂದಕ್ಕೆ ಪಡೆಯುತ್ತಾನೆ. ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರ ಬೇರೆಯವರ ಮಾಳಿಗೆಯ ಮೇಲೆ ಹಣ ಹೂಡುವುದಿಲ್ಲ. ಬಿಲ್ಲು ಕಟ್ಟುವವನು ಬಾಡಿಗೆದಾರನಾದುದರಿಂದ ಮನೆಯ ಒಡೆಯನಿಗೂ ಅವಸರವಿಲ್ಲ. ಇಬ್ಬರೂ ಸಜ್ಜನರಾಗಿರಬಹುದು, ಇಬ್ಬರೂ ಪರಿಸರದ ವಿಷಯದಲ್ಲಿ ಭಾಷಣ ಮಾಡಬಲ್ಲವರಾಗಿರಬಹುದು. ಸ್ನಾನದ ಮನೆಯಲ್ಲಿ ವಿದ್ಯುತ್ ಗೀಸರು ಉರಿಯುತ್ತಲೇ ಇರುತ್ತದೆ.

ಸಂಸಾರ ಚಿಕ್ಕದಾಗುವುದೂ ಇಂಥದೇ ಒಂದು ಕಾರಣ. ಎಂಟು ಮಂದಿಗೆ ಒಂದು ಒಲೆ, ಒಂದು ದೀಪ, ಒಂದು ತಣ್ಣನೆಯ ಪೆಟ್ಟಿಗೆ ಸಾಕಾಗುತ್ತದೆ. ಅದೇ ಎಂಟು ಮಂದಿ ಮೂರು ಮನೆಯಾದರೆ ಮೂರು ಮೂರು ಬೇಕು. ಭಾರತದಲ್ಲಿ ಒಂದು ಮನೆಗೆ ಸರಾಸರಿ ಜನರ ಸಂಖ್ಯೆ 2001ರ ಗಣತಿಯಲ್ಲಿ ಐದಕ್ಕಿಂತ ಮೇಲಿತ್ತು, 2011ರಲ್ಲಿ ಐದರೊಳಗೆ ಇಳಿಯಿತು. ಜಗತ್ತಿನ ಅನೇಕ ಕಡೆ ಜನಸಂಖ್ಯೆಗಿಂತ ಮನೆಗಳ ಸಂಖ್ಯೆ ವೇಗವಾಗಿ ಬೆಳೆಯುತ್ತಿದೆ ಎಂದು 2003ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಎಚ್ಚರಿಸಿತು. ಒಟ್ಟು ಕುಟುಂಬದ ಜಗಳಗಳನ್ನು ಬಲ್ಲವರು ಅದನ್ನು ಮರಳಿ ತರಬೇಕೆಂದು ಹೇಳಲಾರರು. ಆದರೆ ವರ್ಷಕ್ಕೆರಡು ಬಾರಿ ಬೇಕಾಗುವ ದೊಡ್ಡ ಪಾತ್ರೆಯನ್ನು, ಏಣಿಯನ್ನು ಪ್ರತಿ ಮನೆಯೂ ಕೊಳ್ಳದೆ ನೆರೆಯಲ್ಲಿ ಹಂಚಿಕೊಳ್ಳುವ ಪದ್ಧತಿಯನ್ನಾದರೂ ಉಳಿಸಿಕೊಳ್ಳಬಹುದು.

ನೆರೆಮನೆಯ ಕಣ್ಣು

ಕೊಳ್ಳುವ ಕೈಯನ್ನು ನಡೆಸುವ ಶಕ್ತಿಗಳಲ್ಲಿ ಬಹು ಬಲವಾದುದು ಬಹುಶಃ ನಾಲ್ಕು ಜನರ ಬಾಯಿ. ಮದುವೆಯ ಊಟವನ್ನು ನೋಡಬೇಕು. ಮುತ್ತುಗದ ಎಲೆಯಲ್ಲಿ ಉಂಡು, ಹಿತ್ತಾಳೆಯ ತಂಬಿಗೆಯಿಂದ ಬಡಿಸಿದ ನೀರನ್ನು ಲೋಟದಲ್ಲಿ ಕುಡಿದ ಮನೆತನಗಳಲ್ಲಿ ಈಗ ಪ್ರತಿ ಎಲೆಯ ಪಕ್ಕದಲ್ಲಿಯೂ ಒಂದೊಂದು ಪ್ಲಾಸ್ಟಿಕ್ ನೀರಿನ ಬಾಟಲಿ ನಿಲ್ಲಲೇಬೇಕು. ಅರ್ಧ ಕುಡಿದ ಬಾಟಲಿಗಳು ರಾಶಿಯಾಗಿ ಛತ್ರದ ಹಿಂದೆ ಬೀಳುತ್ತವೆ. ನೀರನ್ನು ಜಗ್ಗಿನಿಂದ ಬಡಿಸಿದರೆ ಬೀಗರು ಏನೆಂದುಕೊಂಡಾರು ಎಂಬ ಒಂದೇ ಅಂಜಿಕೆ ಇದಕ್ಕೆ ಕಾರಣ. ಕೋಲಾರದಂಥ ಜಿಲ್ಲೆಯಲ್ಲಿ ಈ ಅಂಜಿಕೆಗೆ ಇನ್ನೊಂದು ಆಧಾರವೂ ಇದೆ: ಆಳದ ಕೊಳವೆಬಾವಿಯ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚು. ಹಳ್ಳಿಹಳ್ಳಿಗಳಲ್ಲಿ ಜನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುತ್ತಾರೆ. ಅದೇ ಕ್ಯಾನಿನ ನೀರನ್ನು ಮದುವೆಯಲ್ಲಿ ತಂಬಿಗೆಯಿಂದ ಬಡಿಸಿದರೆ ಆರೋಗ್ಯಕ್ಕೇನೂ ಕುಂದಿಲ್ಲ. ಕುಂದು ಬರುವುದು ಪ್ರತಿಷ್ಠೆಗೆ.

ಆದರೆ ಪ್ರತಿಷ್ಠೆ ಕೆಡಿಸಿದ್ದನ್ನು ಪ್ರತಿಷ್ಠೆಯೇ ಸರಿಪಡಿಸಲೂಬಹುದು. ರಾಗಿಯ ಭಾಗ್ಯವನ್ನು ನೋಡಿ. ಬತ್ತಕ್ಕಿಂತ ಎಷ್ಟೋ ಕಡಿಮೆ ನೀರಿನಲ್ಲಿ ಬೆಳೆಯುವ ಈ ಧಾನ್ಯ ಕೋಲಾರದ ಜೀವಾಳ. ಒಂದು ಕಾಲಕ್ಕೆ ಅನ್ನ ಉಣ್ಣುವುದು ದೊಡ್ಡಸ್ತಿಕೆ. ನೆಂಟರು ಬಂದರೆ ಮುದ್ದೆಯನ್ನು ಮರೆಮಾಡುವುದುಂಟು. ಆಮೇಲೆ ವೈದ್ಯರು ಮಧುಮೇಹಿಗಳಿಗೆ ರಾಗಿಯನ್ನು ಹೇಳಿದರು, ನಗರದ ಹೋಟೆಲುಗಳು ಮುದ್ದೆಯೂಟವನ್ನು ಹೆಮ್ಮೆಯಿಂದ ಬಡಿಸಿದವು, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ರಾಗಿ ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು.

ಅಮೆರಿಕದ ಕ್ಯಾಲಿಫೋರ್ನಿಯಾದ ಸಾನ್ ಮಾರ್ಕೋಸ್ ಎಂಬ ಊರಿನಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. ಮನೆಮನೆಯ ಬಾಗಿಲಿಗೆ ಒಂದು ಚೀಟಿ ತೂಗುಹಾಕಿ, ನೆರೆಯವರು ಸರಾಸರಿ ಎಷ್ಟು ವಿದ್ಯುತ್ತು ಬಳಸುತ್ತಾರೆ, ನೀವು ಎಷ್ಟು ಬಳಸುತ್ತೀರಿ ಎಂದು ತಿಳಿಸಿದರು. ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು. ವಿಚಿತ್ರವೆಂದರೆ, ಕಡಿಮೆ ಬಳಸುತ್ತಿದ್ದವರು ಹೆಚ್ಚು ಮಾಡಿದರು! ಅಂಥವರ ಚೀಟಿಯ ಮೇಲೆ ಒಂದು ನಗುಮುಖದ ಚಿತ್ರ ಬರೆದಾಗ ಮಾತ್ರ ಅವರು ತಮ್ಮ ಮಿತವನ್ನು ಕಾಯ್ದುಕೊಂಡರು. ಮನುಷ್ಯನಿಗೆ ಬೈಗುಳಕ್ಕಿಂತ ಭೇಷ್ ಎನ್ನುವವರು ಬೇಕು. ಐರ್ಲೆಂಡಿನಲ್ಲಿ 2002ರಲ್ಲಿ ಪ್ಲಾಸ್ಟಿಕ್ ಚೀಲವೊಂದಕ್ಕೆ 15 ಸೆಂಟುಗಳ ತೆರಿಗೆ ಹಾಕಿದಾಗ ಬಳಕೆ ನೂರಕ್ಕೆ ತೊಂಬತ್ತರಷ್ಟು ಇಳಿಯಿತು. ತೆರಿಗೆ ಅಲ್ಪವೇ, ಆದರೆ ಕೆಲವೇ ದಿನಗಳಲ್ಲಿ ಅಂಥ ಚೀಲ ಹಿಡಿದು ಬೀದಿಯಲ್ಲಿ ನಡೆಯುವುದು ಅಲ್ಲಿ ನಾಚಿಕೆಯ ವಿಷಯವಾಯಿತು.

ನಗರದ ನೊರೆ, ಕೋಲಾರದ ಕೆರೆ

ಇವೆಲ್ಲ ದೂರದ ಮಾತೆಂದು ಬೆಂಗಳೂರಿನ ಓದುಗರು ಪತ್ರಿಕೆಯನ್ನು ಮಡಿಸಿಡುವಂತಿಲ್ಲ. 2018ರ ಜೂನ್ ತಿಂಗಳಿನಿಂದ ಅವರ ಮನೆಯ ಬಚ್ಚಲಿಗೂ ಕೋಲಾರದ ಕೆರೆಗೂ ನಂಟು ಬೆಳೆದಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ನಗರದ ಕೊಳಚೆ ನೀರನ್ನು ಸಂಸ್ಕರಿಸಿ, ಕೊಳವೆಗಳಲ್ಲಿ ಏರಿಸಿ, ಕೋಲಾರ ಜಿಲ್ಲೆಯ ಬತ್ತಿದ ಕೆರೆಗಳಿಗೆ ಹರಿಸಲಾಯಿತು. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಎಷ್ಟೋ ವರ್ಷಗಳ ಮೇಲೆ ನೀರು ಕಂಡ ಜನ ಹಿಗ್ಗಿದರು. ಮರುತಿಂಗಳು ಅದೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ಸಂಸ್ಕರಣ ಸಾಲದೆಂಬ ದೂರು ನ್ಯಾಯಾಲಯದ ಮೆಟ್ಟಿಲೇರಿತು. ನೀರು ಮತ್ತೆ ಹರಿಯಿತು. ಅಂತರ್ಜಲ ಏರಿತೆಂದು ಸಂತೋಷಪಡುವವರೂ ಉಂಟು, ನೀರಿನ ಶುದ್ಧಿಯ ಬಗೆಗೆ ಶಂಕಿಸುವವರೂ ಉಂಟು.

ಸಂಸ್ಕರಣ ಸರ್ಕಾರದ ಹೊಣೆ. ಅದನ್ನು ಗೃಹಿಣಿಯ ತಲೆಗೆ ಕಟ್ಟಲಾಗದು. ಆದರೆ ನೊರೆಯ ಒಂದು ಮೂಲ ಬಟ್ಟೆ ಒಗೆಯುವ ಪುಡಿ. ಬೆಂಗಳೂರಿನ ಯಾವುದೋ ಮಾಳಿಗೆಮನೆಯಲ್ಲಿ ಒಂದು ಚಮಚ ಸಾಕಾಗುವಲ್ಲಿ ಮೂರು ಚಮಚ ಸುರಿದರೆ, ಆ ಎರಡು ಚಮಚದ ಹೊರೆಯನ್ನು ಕೊನೆಗೆ ಹೊರಬೇಕಾಗಬಹುದಾದುದು ಕೋಲಾರದ ರೈತನ ಕೆರೆ. ಅಂಗಡಿಯ ಬೆಲೆಚೀಟಿಯಲ್ಲಿ ಈ ಬಾಬತ್ತು ನಮೂದಾಗಿರುವುದಿಲ್ಲ.

ಹೀಗೆ ನೋಡಿದರೆ ಪರಿಸರಕ್ಕೆ ಹಿತವಾದ ನಡತೆ ಒಳ್ಳೆಯವರ ಸ್ವತ್ತೂ ಅಲ್ಲ, ಓದಿದವರ ಸ್ವತ್ತೂ ಅಲ್ಲ. ಹಣ ಯಾರ ಕೈಯಲ್ಲಿದೆ, ಮಾಳಿಗೆ ಯಾರದು, ನೀರು ಎಷ್ಟು ದೂರ, ಹೊರೆ ಯಾರ ತಲೆಯ ಮೇಲೆ, ನಾಲ್ಕು ಜನ ಏನೆನ್ನುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಉಪದೇಶ ಇವುಗಳಲ್ಲಿ ಯಾವುದನ್ನೂ ಬದಲಿಸದು. ಹಿತವಾದುದು ಸುಲಭವೂ ಗೌರವದ್ದೂ ಆಗುವಂತೆ ಮಾಡಿದರೆ ಕೈ ತಾನಾಗಿ ಅದರತ್ತ ಚಾಚುತ್ತದೆ.

ಕಲ್ಪಿತ ಮನೆಗೆ ಕೊನೆಯ ಸಲ ಹಿಂದಿರುಗಬಹುದು. ಬೆಂಗಳೂರಿನಿಂದ ರಜಕ್ಕೆ ಬಂದ ಮೊಮ್ಮಗಳು ತಂದೆಗೆ ಪ್ಲಾಸ್ಟಿಕ್ಕಿನ ಕೇಡನ್ನು ವಿವರಿಸುತ್ತಾಳೆ. ಆತ ತಲೆಯಾಡಿಸುತ್ತಾನೆ, ಮರುದಿನ ಮತ್ತೆ ಕವರಿನಲ್ಲಿ ಟೊಮೇಟೊ ತರುತ್ತಾನೆ. ಅಜ್ಜಿ ಏನೂ ಹೇಳುವುದಿಲ್ಲ. ಮೊಳೆಯಿಂದ ಚೀಲವನ್ನು ತೆಗೆದು, ನಾಲ್ಕಾಗಿ ಮಡಿಸಿ, ಬೈಕಿನ ಪಕ್ಕದ ಪೆಟ್ಟಿಗೆಯಲ್ಲಿ ಇಟ್ಟು ಬರುತ್ತಾರೆ. ಆ ಸಂಜೆ ಟೊಮೇಟೊ ಚೀಲದಲ್ಲಿ ಬರುತ್ತದೆ.